ಸೋಮವಾರ ಬಿಟ್ಟು ಏಳು ದಿನ

ಉತ್ತರವನ್ನು ಪ್ರಶ್ನೆಯ ಕೆಳಗೇ ಅಚ್ಚು ಹಾಕಿರುತ್ತಾರೆ ಎಂದು ಗೊತ್ತಾದ ದಿನ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಎಂಬತ್ತರ ದಶಕದ ಮೊದಲ ವರ್ಷಗಳು. ಎಸ್ಸೆಸ್ಸೆಲ್ಸಿ ಮುಗಿಸಿ ನಮ್ಮೂರು ತೆಲಿಗಿಯ ಮನೆಯಲ್ಲಿದ್ದೆ. ಪಾಲಿಟೆಕ್ನಿಕ್ ಒಂದರ ಪ್ರವೇಶ ಪರೀಕ್ಷೆಗೆ ಅರ್ಜಿ ಹಾಕಿ, ಕೊಟ್ಟೂರಿನಿಂದ ಮಾದರಿ ಪ್ರಶ್ನೆಗಳ ಹಳೇ ಪುಸ್ತಕ ತರಿಸಿಕೊಂಡಿದ್ದೆ. ಪ್ರತಿ ಲೆಕ್ಕದ ಕೆಳಗೂ ನಾಲ್ಕು ಉತ್ತರ, ಅದರಲ್ಲೊಂದು ಸರಿ! ಎಂಥ ಧಾರಾಳ ಮನಸ್ಸಿನವರಪ್ಪಾ ಅನ್ನಿಸಿತು.

ಅಪ್ಪ ಮಾತ್ರ ಮಗಳಿಗೆ ಮೊದಲೇ ಗೆರೆ ಎಳೆದಿದ್ದ. ಒಂದೇ ಸಲ ಬರೆಯಬೇಕು. ಸೀಟು ಸಿಕ್ಕರೆ ಹಾಸ್ಟೆಲಿಗೆ ಕಳಿಸುತ್ತಾನೆ, ಸಿಗದಿದ್ದರೆ ನನ್ನ ಓದು ಅಲ್ಲಿಗೇ ಮುಗಿಯಿತು. ಅಷ್ಟಕ್ಕಾದರೂ ಒಪ್ಪಿದನಲ್ಲ ಎಂದು ನಾನು ಹಟ ಹಿಡಿದು ಕೂತೆ.

ಅವ್ವ ಶೇಂಗಾ ಸುಲಿಯುವಾಗ ನಾನು ಪಕ್ಕದಲ್ಲಿ ಸ್ಲೇಟು ಹಿಡಿದಿರುತ್ತಿದ್ದೆ. ತಂದೆಯ ವಯಸ್ಸು ಮಗನದರ ಮೂರರಷ್ಟು, ಹನ್ನೆರಡು ವರ್ಷದ ಬಳಿಕ ಎರಡರಷ್ಟು, ಈಗ ಮಗನಿಗೆಷ್ಟು? ಮಗನನ್ನು ಎಕ್ಸ್ ಎಂದು ಬರೆದರೆ ಮೂರೇ ಸಾಲಿಗೆ ಹನ್ನೆರಡು ಉದುರುತ್ತಿತ್ತು. ಓದು ಬಾರದ ಅವ್ವನಿಗೆ ಆ ಎಕ್ಸೂ ಬೇಕಿರಲಿಲ್ಲ. ನಾಲ್ಕೂ ಉತ್ತರ ಓದಿಸಿಕೊಂಡು, ಒಂದೊಂದನ್ನೇ ಲೆಕ್ಕದೊಳಗೆ ಕೂರಿಸಿ ನೋಡಿ, ನನಗಿಂತ ಮೊದಲೇ ಹೇಳಿಬಿಡುತ್ತಿದ್ದಳು. ಹೊಟ್ಟೆಕಿಚ್ಚಾಗುತ್ತಿತ್ತು, ಸುಳ್ಳೇಕೆ ಹೇಳಲಿ? ಕೊನೆಗೆ ನಾಚಿಕೆ ಬಿಟ್ಟು ನಾನೂ ಅದನ್ನೇ ಕಲಿತೆ: ಎಕ್ಸ್ ಹಾಕಿ ಬಿಡಿಸುವುದು, ಅವ್ವನ ಹಾಗೆ ತಾಳೆ ನೋಡುವುದು.

ಪರೀಕ್ಷೆ ಕೂಡ್ಲಿಗಿಯಲ್ಲಿತ್ತು. ಅಪ್ಪನ ಜೊತೆ ಬಸ್ಸು ಬದಲಿಸಿ ಹೋದೆ. ಪತ್ರಿಕೆ ಕೈಗೆ ಬಂದದ್ದೇ ತಡ, ಎದೆ ಡವಡವ, ಪೆನ್ನು ದಡದಡ. ಶೇಕಡಾ, ಸರಾಸರಿ, ಸಮೀಕರಣ, ಎಲ್ಲವೂ ನೆಂಟರ ಹಾಗೆ ಪರಿಚಯದವು. ಕೊನೆಯದು ಉಳುಮೆಯ ಲೆಕ್ಕ. ಒಬ್ಬನ ಎತ್ತುಗಳು ಒಂದು ಹೊಲವನ್ನು ಹತ್ತು ದಿನದಲ್ಲಿ ಉಳುತ್ತವೆ, ಇನ್ನೊಬ್ಬನವು ಹದಿನೈದು ದಿನದಲ್ಲಿ. ಎರಡೂ ಜೋಡಿ ಕೂಡಿ ಉತ್ತರೆ ಎಷ್ಟು ದಿನ?

ಆರು ಎಂದು ತಕ್ಷಣ ಬಂತು. ಗುರುತು ಹಾಕಲು ಹೋದ ಕೈ ಅಲ್ಲೇ ತಡೆಯಿತು. ನಮ್ಮ ಕಡೆ ಸೋಮವಾರ ಎತ್ತು ಹೂಡುವುದಿಲ್ಲ, ಅವತ್ತು ಅವಕ್ಕೆ ಬಿಡುವು. ಮಂಗಳವಾರ ಶುರು ಮಾಡಿದರೆ ಮಾತ್ರ ಆರು. ಬೇರೆ ಯಾವತ್ತು ಹೂಡಿದರೂ ನಡುವೆ ಸೋಮವಾರ ಬಂದು ಏಳಾಗುತ್ತದೆ. ಕೆಳಗೆ ನೋಡಿದರೆ ಏಳೂ ಇದೆ! ಸಿಕ್ಕಿಬಿಟ್ಟಿರಿ ಮಹಾರಾಯರೇ, ಎಂದು ಹಿಗ್ಗಿ ಏಳಕ್ಕೇ ಗುರುತು ಹಾಕಿದೆ.

ಹೊರಗೆ ಬಂದರೆ ಎಲ್ಲರದೂ ಆರು. ಎತ್ತು ಹೂಡಿ ಗೊತ್ತಿದ್ದ, ಪರೀಕ್ಷೆ ಬರೆದು ಗೊತ್ತಿರದ ಅಪ್ಪನೊಬ್ಬನೇ ನನ್ನ ಉತ್ತರ ಸರಿ ಎಂದ. ಅದರಿಂದ ನನ್ನ ಭಯ ಇನ್ನೂ ಹೆಚ್ಚಾಯಿತು.

ತಿಂಗಳ ನಂತರ ಸಂದರ್ಶನಕ್ಕೆ ಕರೆ ಬಂತು. ವಯಸ್ಸಾದ ಮೇಷ್ಟ್ರೊಬ್ಬರ ಮುಂದೆ ನನ್ನ ಪತ್ರಿಕೆ ಇತ್ತು. ಗಣಿತದಲ್ಲಿ ತಪ್ಪಿದ್ದು ಅದೊಂದೇ ಲೆಕ್ಕ. ಇಷ್ಟು ಸುಲಭದ್ದು ಹೇಗೆ ತಪ್ಪಿತು ಎಂದು ಕೇಳಿದರು. ಇದ್ದದ್ದನ್ನು ಇದ್ದ ಹಾಗೇ ಹೇಳಿದೆ.

"ಸೋಮವಾರ ಎತ್ತು ಹೂಡಂಗಿಲ್ರಿ, ಸರ್."

ಅವರು ನಗಲಿಲ್ಲ. ಕನ್ನಡಕ ತೆಗೆದು ನನ್ನನ್ನೇ ನೋಡಿದರು.

"ಹಂಗಾದ್ರ ಆ ಹತ್ತು ದಿನ, ಹದಿನೈದು ದಿನ ಅಂತ ಐತಲ್ಲ, ಅದರಾಗ ಸೋಮವಾರ ಬಂದಿರಂಗಿಲ್ಲೇನು?"

ಅಯ್ಯೋ ದೇವರೇ! ಕೊಟ್ಟ ದಿನಗಳಲ್ಲೇ ಸೋಮವಾರಗಳು ಸೇರಿದ್ದರೆ ನನ್ನ ಆರೂ ಇಲ್ಲ, ಏಳೂ ಇಲ್ಲ; ಇಡೀ ಲೆಕ್ಕವನ್ನೇ ಬುಡದಿಂದ ಕಟ್ಟಬೇಕು. ಸೀಟು ಹೋಯಿತು ಎಂದು ಖಾತ್ರಿಯಾಯಿತು. ವಿಚಿತ್ರವೆಂದರೆ ಆ ಗಳಿಗೆಯಲ್ಲಿ ಸೀಟಿಗಿಂತ ಆ ಲೆಕ್ಕವೇ ನನಗೆ ದೊಡ್ಡದಾಗಿತ್ತು. ಎದ್ದು ನಿಂತು ಕರಿಹಲಗೆಯ ಕಡೆ ಕೈ ತೋರಿಸಿದೆ.

"ಚಾಕ್‌ಪೀಸ್ ಕೊಡ್ರಿ ಸರ್, ಮತ್ತ ಮಾಡ್ತೀನಿ."

ಅವರು ಚಾಕ್‌ಪೀಸ್ ಕೊಡಲಿಲ್ಲ. ಪ್ರವೇಶದ ಫಾರಮ್ಮನ್ನು ನನ್ನ ಮುಂದೆ ತಳ್ಳಿದರು.

"ಇಲ್ಲಿ ಸಹಿ ಮಾಡವ್ವ. ಅದನ್ನ ಕ್ಲಾಸಿನಾಗ ಕುಂತು ಮಾಡೂಣಂತ."