ಹುಣಸೆಬೀಜದ ಗಂಜಿ ಮತ್ತು ಸರ್ಕಾರಿ ಜೀಪು

ಇಂದು ಸಾಂಗ್ಲಿಯ ಕರಕುಶಲ ಪ್ರದರ್ಶನದಲ್ಲಿ ಹುಣಸೆಬೀಜದ ಗಂಜಿಯ ವಾಸನೆ ಬಂತು. ಕೂಡಲೇ ನಾನು ಮತ್ತೆ ಪುಟ್ಟ ಹುಡುಗಿಯಾಗಿ ನಮ್ಮ ಹಳ್ಳಿ ಖಂಡೇರಾಜುರಿಯ ಓಣಿಯಲ್ಲಿದ್ದೆ.

ಕಂಬಳಿ ನೇಯುವ ಮೊದಲು ಅಜ್ಜ ಉಣ್ಣೆಯ ನೂಲನ್ನು ಓಣಿಯುದ್ದಕ್ಕೂ ಬಿಗಿದು ಗಟ್ಟಿಯಾಗಲೆಂದು ಆ ಗಂಜಿ ಸವರುತ್ತಿದ್ದ. ಅದು ಒಣಗುವವರೆಗೆ ಎಮ್ಮೆಗಳೂ ಬಳಸಿಕೊಂಡೇ ಹೋಗಬೇಕು. ರಾಜ್ಯಗಳ ಗಡಿಯನ್ನು ಹೊಸದಾಗಿ ಗುರುತಿಸುತ್ತಿದ್ದ ಕಾಲ. ಒಂದು ದಿನ ಸರ್ಕಾರಿ ಜೀಪೊಂದು ಬಂದು ನೂಲಿನೆದುರು ನಿಂತಿತು.

“ಇದನ್ನ ತೆಗೀರಿ, ಗಡಿ ಕೆಲಸ ಐತಿ,” ಎಂದರು ಸಾಹೇಬರು.

“ಹಸಿ ನೂಲು ತೆಗೆದ್ರ ಹರೀತೈತ್ರಿ. ಗೂಟ ಬ್ಯಾರೆ ಸಡ್ಲ ಆಗೇತಿ. ಬರ್ರಿ, ಈ ತುದಿ ಜರಾ ಹಿಡೀರಿ,” ಎಂದ ಅಜ್ಜ.

ಸಾಹೇಬರು ನಕ್ಕು ಹಿಡಿದರು. ಸಂಜೆ ಅಂಗಿಗೆಲ್ಲ ಗಂಜಿ ಮೆತ್ತಿಕೊಂಡು, ನಾವು ಯಾವ ರಾಜ್ಯಕ್ಕೆ ಸೇರಬೇಕೆಂದು ಕೇಳುವುದನ್ನೇ ಮರೆತು ಹೊರಟರು.

ಪ್ರದರ್ಶನದಲ್ಲಿ ನೇಯುತ್ತಿದ್ದ ಹುಡುಗಿ ನನ್ನತ್ತ ತಿರುಗಿ, “ಅಜ್ಜಿ, ಈ ತುದಿ ಜರಾ ಹಿಡೀತೀರೇನ್ರಿ?” ಎಂದಳು.

ಹೊಸ ಸೀರೆ ಉಟ್ಟಿದ್ದೆ. ಆದರೂ ಹಿಡಿದೆ.