ಸಿಪ್ಪೆಯೊಳಗಿನ ಕಲೆ

ನಾನು ನರ್ಸ್ ಆಗಿದ್ದ ಕಲಬುರಗಿಯ ಚರ್ಮದ ಆಸ್ಪತ್ರೆಯ ಹಿಂದಿನ ಕೋಣೆಯಲ್ಲಿ ಇಂಜಿನಿಯರ್ ಒಬ್ಬರು ಸುಟ್ಟ ಕಲೆ ಅಳಿಸುವ ಲೇಸರ್ ಯಂತ್ರ ತಯಾರಿಸುತ್ತಿದ್ದರು. ಮನುಷ್ಯ ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಸಂತೆಯ ದಿನ ಬಸ್ಸು ಹತ್ತಿ ಹೋಗಿ ಕಮಲಾಪುರದಿಂದ ಕೆಂಪು ಬಾಳೆಹಣ್ಣು ತರುತ್ತಿದ್ದರು. ಲೇಸರ್ ಬೆಳಕನ್ನು ಮನುಷ್ಯರ ಚರ್ಮಕ್ಕಿಂತ ಮೊದಲು ಅದರ ಸಿಪ್ಪೆಯ ಮೇಲೆ ಬಿಡುವುದು ಅವರ ಪದ್ಧತಿ. ಆಮೇಲೆ ಕಾಲು ಕುಣಿಸುತ್ತ, "ಒಳಗೇನಾಗ್ಯಾದ ನೋಡಮ್ರಿ," ಎಂದು ಸುಲಿಯುತ್ತಿದ್ದರು.

ಮೊದಲ ರೋಗಿಯಾಗಿ ತಾಜಸುಲ್ತಾನಪುರದ ಅಜ್ಜಿಯೊಬ್ಬಳು ಬಂದು ಹೊರಗೆ ಕುಳಿತ ದಿನವೂ ಸುಲಿದರು. ಸಿಪ್ಪೆಗೆ ಏನೂ ಆಗಿರಲಿಲ್ಲ. ಒಳಗೆ ತಿರುಳು ಕಂದಿತ್ತು.

ಯಂತ್ರಕ್ಕೆ ದುಡ್ಡು ಹಾಕಿದ್ದ ಡಾಕ್ಟರು ಸಿಡುಕಿದರು. "ಮ್ಯಾಲ ನೆಟ್ಟಗೇ ಅದಲ್ರೀ! ಇನ್ನಾ ಎಷ್ಟು ಖರ್ಚು ಮಾಡಸ್ತೀರಿ?"

ಇಂಜಿನಿಯರ್ ಯಂತ್ರದ ಪ್ಲಗ್ ಕಿತ್ತು ಹೊರಗೆ ಬಂದರು. "ಯವ್ವಾ, ಇವತ್ತ ಬ್ಯಾಡ್ರಿ. ಮಷೀನ್ ಇನ್ನಾ ತಯಾರಾಗಿಲ್ಲ."

ಅಜ್ಜಿ ತನ್ನ ಸುಟ್ಟ ಮುಂಗೈ ನೋಡಿಕೊಂಡಳು. "ಹಂಗಾದ್ರ ಮೊಮ್ಮಗಳ ಲಗ್ನದಾಗೂ ಸೆರಗಿನಾಗ ಕೈ ಮುಚ್ಕೊಂಡೇ ಇರಬೇಕೇನಪ್ಪಾ?"

ಇಂಜಿನಿಯರ್ ಒಳಗೆ ಹೋದರು, ಮತ್ತೆ ಬಂದರು, ಉಳಿದಿದ್ದ ಒಂದು ಹಣ್ಣನ್ನು ಆಕೆಯ ಕೈಗಿಟ್ಟರು. ಅದಕ್ಕೆ ಲೇಸರ್ ತಾಗಿಯೇ ಇರಲಿಲ್ಲ. ಆದರೂ ಆಕೆ ಸುಲಿದು ಬಾಯಿಗಿಡುವ ಮುನ್ನ ಅವರು ಬಗ್ಗಿ, ಒಳಗೆ ನೋಡಿದರು.