ಕಿರುಗೆಜ್ಜೆಯವರ ಒಂದೇ ಕ್ಯಾಸೆಟ್

ಮೂಡಲಪಾಳ್ಯದ ಬಾಡಿಗೆ ಮನೆಯಲ್ಲಿ ಮೊದಲ ಸಲ ಕ್ಯಾಸೆಟ್ ಹಾಕಿದಾಗ ಬೇರೆ ಯಾರೋ ಹಾಡಿದಂತಾಯಿತು. ಅದು ನಮ್ಮ ಕಿರುಗೆಜ್ಜೆ ವಾದ್ಯಗೋಷ್ಠಿಯವರದೇ ಕ್ಯಾಸೆಟ್, ಅವೇ ಪದಗಳು. ಆದರೆ ಧ್ವನಿ ತೆಳ್ಳಗಾಗಿ, ಹಾಡು ಓಡುತ್ತಿತ್ತು. ಓನರ್ ಆಂಟಿ ಬಾಗಿಲಲ್ಲಿ ನಿಂತು ನಕ್ಕರು. "ಏನ್ರೀ, ಹಾಡೋರಿಗೆ ಬಸ್ ತಪ್ಪೋಗ್ತಾ ಇದ್ಯಾ?"

ನನಗೆ ಸಿಟ್ಟು ಬಂತು. ಚಳ್ಳಕೆರೆ ಕಡೆಯ ಆರು ಜನರ ಆ ತಂಡ ತಂದದ್ದು ಅದೊಂದೇ ಕ್ಯಾಸೆಟ್. ಊರಲ್ಲೇ ಉಳಿದು ಈ ಕಾಗದ ಓದುತ್ತಿರುವ ನಿಮ್ಮಲ್ಲೂ ಈಗ ಅವರನ್ನು ನೆನೆಯುವವರು ಕಡಿಮೆ. ನಾನು ಮಾತ್ರ ಅದನ್ನು ಬಟ್ಟೆಯ ನಡುವೆ ಸುತ್ತಿ ತಂದಿದ್ದೆ.

ಇಲ್ಲಿ ಎಲ್ಲಕ್ಕೂ ಅವಸರ. ಹೋದ ವರ್ಷ ರಾಗಿ ಬೆಳೆದ ಹೊಲ ಈಗ 'ಸೈಟು', ಅಂದರೆ ಮನೆ ಕಟ್ಟಲು ಕಲ್ಲು ನೆಟ್ಟ ಜಾಗ. ಬೆಳಿಗ್ಗೆ ನಲ್ಲಿಯ ಸಾಲು, ರಾಜಾಜಿನಗರದ ಕಾರ್ಖಾನೆಗೆ ಬಸ್ಸಿನಲ್ಲಿ ಜೋತಾಡುವುದು, ಸಂಜೆ ಮೈಯೆಲ್ಲ ಕಬ್ಬಿಣದ ಪುಡಿ. ಸಾಕಾಗಿ ಬಂದವನಿಗೆ ಆ ಹಾಡೊಂದೇ ಆಸರೆ ಎಂದುಕೊಂಡಿದ್ದೆ. ಅದೂ ಕೈಕೊಟ್ಟಿತು.

ಕಾರಣ ಹೊಳೆದದ್ದು ಹೆಂಡತಿ ಲಲಿತಾಗೆ. "ಊರಲ್ಲಿ ನಮ್ಮನೇಲಿ ಕರೆಂಟ್ ಎಲ್ಲಿತ್ತು? ಹೊಸ ಸೆಲ್ಲೆಲ್ಲ ಮಾವನ ರೇಡಿಯೋಗೆ. ಸೋತಿದ್ದನ್ನ ಬಿಸಿಲಿಗಿಟ್ಟು ಟೇಪಿಗೆ ಹಾಕ್ತಿದ್ರಿ. ಅದು ತೆವಳ್ತಿತ್ತು! ಇಲ್ಲಿ ಕರೆಂಟಿಗೆ ಸರಿಯಾಗಿ ಓಡ್ತಿದೆ, ಅಷ್ಟೇ."

ನಂಬಲು ಮನಸ್ಸಾಗಲಿಲ್ಲ. ತಂಡದಲ್ಲಿ ಢೋಲಕ್ ಬಾರಿಸುತ್ತಿದ್ದ ರಂಗಣ್ಣ ಈಗ ನಾಯಂಡಹಳ್ಳಿಯಲ್ಲಿ ವೆಲ್ಡಿಂಗ್ ಮಾಡುತ್ತಾರೆಂದು ತಿಳಿದಿತ್ತು. ಭಾನುವಾರ ಟೇಪ್ ರೆಕಾರ್ಡರ್ ಹೊತ್ತು ಅವರ ಮನೆಗೇ ಹೋದೆ. ಮೊದಲು ಕರೆಂಟಿನಲ್ಲಿ ಹಾಕಿದೆ. ಅವರ ಬೆರಳು ತಾವಾಗಿಯೇ ಮೊಣಕಾಲಿನ ಮೇಲೆ ತಾಳ ಹಿಡಿದವು.

"ಇದೇ ಕಣಪ್ಪ, ನಾವು ಹಾಡಿದ್ದು ಹಿಂಗೇ."

ಆಮೇಲೆ ಸೋತ ಸೆಲ್ಲು ಹಾಕಿದೆ. ನನ್ನ ಹಾಡು ಬಂತು, ದಪ್ಪ ದನಿಯಲ್ಲಿ, ನಿಧಾನವಾಗಿ. ರಂಗಣ್ಣನ ಬೆರಳು ನಿಂತವು. ಕೊನೆಯವರೆಗೂ ಕೇಳಿದರು.

"ಚೆನ್ನಾಗೈತೆ. ಆದ್ರೆ ಇದು ನಾವಲ್ಲ."

ಬಸ್ಸಿನಲ್ಲಿ ವಾಪಸು ಬರುವಾಗ ಅಳು ಬಂತು. ನಾನು ಹಂಬಲಿಸುತ್ತಿದ್ದ ತಂಡ ನಿಮ್ಮೂರಲ್ಲೂ ಎಂದೂ ಇರಲಿಲ್ಲ. 'ನಮ್ಮೂರು' ಎನ್ನುವ ಬದಲು 'ನಿಮ್ಮೂರು' ಎಂದು ಬರೆದುಬಿಟ್ಟೆ ನೋಡಿ, ಹೊಡೆದುಹಾಕುವುದಿಲ್ಲ, ಹಾಗೇ ಇರಲಿ.

ಮೊನ್ನೆ ಕಾರ್ಖಾನೆಯಲ್ಲಿ ಕಬ್ಬಿಣ ಕಡೆಯುವ ಲೇತ್ ಮುಂದೆ ನಿಂತು ಏನೋ ಗುನುಗುತ್ತಿದ್ದೆ. ಪಕ್ಕದ ಮಿಷಿನ್ನಿನವನು, "ಏನ್ ಗುರು, ಇವತ್ತು ಭಾರಿ ಜೋರಾಗಿದೀಯ?" ಎಂದ. ಆಗ ಗೊತ್ತಾಯಿತು, ಗುನುಗುತ್ತಿದ್ದದ್ದು ಕರೆಂಟಿನ ಓಟದ ಹಾಡು. ಎಳೆದೆಳೆದು ನೋಡಿದೆ, ಹಳೆಯದು ಬಾಯಿಗೆ ಬರಲಿಲ್ಲ. ಗುನುಗುವುದನ್ನು ನಿಲ್ಲಿಸಲೂ ಆಗಲಿಲ್ಲ.